ಅತ್ತೆ ಏಳದ ಬೆಳಗು

ಗಂಜಿಯ ಬಟ್ಟಲು ಅರ್ಧಕ್ಕೆ ಬಂದಿತ್ತು. ಚಮಚವನ್ನು ಗಂಡನ ಬಾಯಿಯ ಎಡ ಮೂಲೆಯಿಂದ ಒಳಗಿಳಿಸಿ, ನಾಲಿಗೆಯ ಮೇಲೆ ಮೆಲ್ಲನೆ ಒತ್ತಿ, ಗಂಟಲು ಒಮ್ಮೆ ಏರಿ ಇಳಿಯುವವರೆಗೆ ಕಾಯಬೇಕು. ಆಮೇಲೆ ಇನ್ನೊಂದು ಚಮಚ. ಬಲಗಡೆಯ ತುಟಿ ಜೋತುಬಿದ್ದಿತ್ತು. ಅಲ್ಲಿಂದ ಸೋರಿದ್ದನ್ನು ಒರೆಸಲು ಅವಳ ಹೆಗಲ ಮೇಲೆ ಹಳೆಯ ಮೆತ್ತನೆ ಬಟ್ಟೆಯೊಂದು ಸದಾ ಇರುತ್ತಿತ್ತು. ‘ನುಂಗಿ’ ಎಂದು ಬಾಯಿಬಿಟ್ಟು ಹೇಳುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು. ತಾನೇ ಒಮ್ಮೆ ಬರಿದೇ ನುಂಗಿದರೆ ಸಾಕು, ಅವನ ಗಂಟಲು ಹಿಂದೆಯೇ ನುಂಗುತ್ತಿತ್ತು. ಹೀಗೆ ಹೊತ್ತು ಹೊತ್ತಿಗೆ ಇಬ್ಬರೂ ಉಣ್ಣುತ್ತಿದ್ದರು. ಹೊಟ್ಟೆ ತುಂಬುತ್ತಿದ್ದದ್ದು ಮಾತ್ರ ಒಬ್ಬರದು.

ಮುಂದಿನ ಚಮಚ ತುಂಬುವಾಗ ಅವಳ ಕೈ ತಡೆಯಿತು. ಕೋಣೆಯಲ್ಲಿ ಇರಬೇಕಾದದ್ದು ಏನೋ ಇರಲಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಅದು ಕೇಳುತ್ತಿದೆ ಅನ್ನುವುದೇ ಹೊಸತು. ಮಂಚದ ಕಾಲ್ದೆಸೆಯಲ್ಲಿದ್ದ ಮೇಜಿನ ಕೆಳಗಿಂದ ಹಗಲೆಲ್ಲ ಬರುತ್ತಿದ್ದ ಗುಂಯ್ ಅನ್ನುವ ಸದ್ದು ನಿಂತುಹೋಗಿತ್ತು.

ಅತ್ತೆ ಎದ್ದಿರಲಿಲ್ಲ.

ಅತ್ತೆಯೆಂದರೆ ಗಂಡನ ದೊಡ್ಡ ಕಂಪ್ಯೂಟರು. ಹಾಗೆಂದು ಹೆಸರಿಟ್ಟವನು ಅವನೇ. ಕಚೇರಿಯೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ಅವನ ಕೆಲಸವಾಗಿದ್ದರಿಂದ ಮನೆಗೆ ಇಂಟರ್‌ನೆಟ್ ಬಂದಾಗ ತಂತಿ ಎಳೆದವನು, ಪೆಟ್ಟಿಗೆ ಕೂರಿಸಿದವನು, ಎಲ್ಲದರ ಒಳಗೂ ಕೈಹಾಕಿ ಸರಿಮಾಡಿದವನು ಅವನೇ. ಅವಳ ಪುಟ್ಟ ಲ್ಯಾಪ್‌ಟಾಪಿಗೆ ಸೊಸೆ ಎಂದು ಹೆಸರಾಯಿತು. ಅತ್ತೆಯನ್ನು ಚಾಲೂ ಮಾಡಿದ ಮೇಲೆಯೇ ಸೊಸೆಗೆ ನೆಟ್ ಸಿಗುವುದು. ಈ ಮನೆಯ ಲೈನೇ ಹಾಗೆ ಎಂದು ಅವನು ಹೇಳಿದ್ದ. ಮದುವೆಯಾಗಿ ಬಂದಾಗ ಅವಳಿಗೆ ನಿಜವಾದ ಅತ್ತೆ ಇರಲಿಲ್ಲ, ಆಗಲೇ ತೀರಿಕೊಂಡಿದ್ದರು. ಬಂದವರ ಮುಂದೆ ಅದನ್ನೂ ಸೇರಿಸಿಕೊಂಡು ಅವನು ತಮಾಷೆ ಮಾಡುತ್ತಿದ್ದ.

“ಅತ್ತೆ ಕಾಟ ಇಲ್ಲ ಅಂತ ಬೀಗ್ತಿದ್ದಳು. ತಂದಿಟ್ಟಿದ್ದೀನಿ ನೋಡಿ. ಬೇರೆಯವರ ಮನೇಲಿ ಸೊಸೆ ಮೊದಲು ಏಳ್ತಾಳೆ, ನಮ್ಮಲ್ಲಿ ಉಲ್ಟಾ. ಅತ್ತೆ ಎದ್ದು ಹೂಂ ಅನ್ನೋವರೆಗೂ ಸೊಸೆ ಹೊಸಿಲು ದಾಟೋ ಹಾಗಿಲ್ಲ.”

ಬಂದವರು ನಗುತ್ತಿದ್ದರು. ಲೋಟಗಳ ತಟ್ಟೆ ಹಿಡಿದು ಅವಳೂ ನಗುತ್ತಿದ್ದಳು.

ಅವನು ಹಾಸಿಗೆ ಹಿಡಿದ ಮೇಲೂ ಅವಳು ಆ ಕ್ರಮ ತಪ್ಪಿಸಿರಲಿಲ್ಲ. ಬೆಳಿಗ್ಗೆ ಅವನ ಮೈ ಒರೆಸಿ, ಮಗ್ಗುಲು ತಿರುಗಿಸಿ, ಒಲೆಯ ಮೇಲೆ ಗಂಜಿಗಿಟ್ಟು, ಬಂದು ಅತ್ತೆಯ ಗುಂಡಿ ಒತ್ತುತ್ತಿದ್ದಳು. ಅತ್ತೆ ಗೊರಗೊರ ಅಂದು ಎದ್ದ ಮೇಲೆ ನಡುಮನೆಯಲ್ಲಿ ಸೊಸೆ. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ಅವಳ ಕೆಲಸ. ಮುದ್ರಣಾಲಯದವರು ಪುಟಗಳನ್ನು ಕಳಿಸುವುದೂ ಅವಳು ತಿದ್ದಿ ವಾಪಸ್ಸು ಕಳಿಸುವುದೂ ಅದರಲ್ಲೇ. ಇವತ್ತೂ ಗುಂಡಿ ಒತ್ತಿದ್ದಳು. ಗೊರಗೊರ ಕೇಳಿತ್ತು. ಯಾವಾಗ ನಿಂತಿತೋ ಗೊತ್ತಾಗಿರಲಿಲ್ಲ.

ಬಟ್ಟಲು ಕೆಳಗಿಟ್ಟು ಬಗ್ಗಿ ನೋಡಿದಳು. ಸುಟ್ಟ ರಬ್ಬರಿನ ವಾಸನೆ. ಪೆಟ್ಟಿಗೆಯ ಬೆನ್ನು ಬಿಸಿಯಾಗಿತ್ತು. ಗುಂಡಿ ಒತ್ತಿದಳು, ಪ್ಲಗ್ ಕಿತ್ತು ಮತ್ತೆ ಹಾಕಿದಳು, ಇನ್ನೊಮ್ಮೆ ಒತ್ತಿದಳು. ಉಸಿರಿಲ್ಲ.

ತಲೆ ಎತ್ತಿದಾಗ ಗಂಡನ ಕಣ್ಣು ಅವಳ ಮೇಲೇ ಇತ್ತು. ಆ ದೇಹದಲ್ಲಿ ಪೂರ್ತಿ ಅವನದಾಗಿ ಉಳಿದಿದ್ದದ್ದು ಕಣ್ಣೊಂದೇ.

“ಅತ್ತೆ ಹೋದರು ರೀ,” ಎಂದಳು. ಅವನದೇ ತಮಾಷೆ. ಆದರೂ ಕೋಣೆಯಲ್ಲಿ ಅದು ತಮಾಷೆಯ ಹಾಗೆ ಕೇಳಲಿಲ್ಲ.

ಅವಳಿಗೆ ದಿಗಿಲಾದದ್ದು ಯಂತ್ರ ಕೆಟ್ಟಿತೆಂದಲ್ಲ. ಇವತ್ತು ಮಧ್ಯಾಹ್ನದೊಳಗೆ ಮಾತಿನ ಡಾಕ್ಟರಮ್ಮ ಲ್ಯಾಪ್‌ಟಾಪಿನಲ್ಲಿ ಕಾಣಿಸಿಕೊಳ್ಳುವವರಿದ್ದರು. ಪಾರ್ಶ್ವವಾಯು ಬಡಿದು ಮಾತು ಹೋದವರಿಗೆ ಮತ್ತೆ ಮಾತಿನ ದಾರಿ ಹುಡುಕಿಕೊಡುವ ವೈದ್ಯೆ ಆಕೆ. ಆಸ್ಪತ್ರೆ ದೂರ, ಹೊತ್ತುಕೊಂಡು ಹೋಗುವುದು ಆಗದ ಮಾತೆಂದು ವಾರಕ್ಕೊಮ್ಮೆ ಹೀಗೆ ನೋಡುತ್ತಿದ್ದರು. ಅವಳ ಫೋನು ಗುಂಡಿ ಒತ್ತುವ ಹಳೆಯದು, ಅದರಲ್ಲಿ ಮುಖ ಕಾಣುವುದಿಲ್ಲ. ಮನೆಗೆ ಒಂದು ದೊಡ್ಡ ಫೋನು ಸಾಕು, ಎರಡೇಕೆ ಎಂದಿದ್ದ ಗಂಡ. ಆ ಒಂದು ಅವನು ಬಚ್ಚಲಲ್ಲಿ ಬಿದ್ದ ದಿನ ಅವನ ಜೊತೆಗೇ ಬಿದ್ದು ಒಡೆದಿತ್ತು.

ಇವತ್ತಿನದು ಬರೀ ಪಾಠವಲ್ಲ, ಅವಳು ಒಂದು ಉತ್ತರ ಹೇಳಬೇಕಿತ್ತು. ಆಸ್ಪತ್ರೆಗೆ ಸೇರಿದ ಆರೈಕೆ ಕೇಂದ್ರದಲ್ಲಿ ಒಂದು ಮಂಚ ಖಾಲಿಯಾಗಿತ್ತು. ಗಂಡನನ್ನು ಅಲ್ಲಿಗೆ ಕಳಿಸುತ್ತೀರಾ, ಮನೆಯಲ್ಲೇ ಇಟ್ಟುಕೊಳ್ಳುತ್ತೀರಾ? ಡಾಕ್ಟರಮ್ಮ ಹೋದ ವಾರವೇ ಕೇಳಿದ್ದರು. ದೂರದಲ್ಲಿರುವ ಮಗಳು ಅದಕ್ಕೂ ಮೊದಲಿನಿಂದ ಕೇಳುತ್ತಿದ್ದಳು. ಇವಳ ಸೊಂಟ ಹಿಡಿದುಕೊಂಡಿತ್ತು, ಮಣಿಕಟ್ಟು ಊದಿತ್ತು, ಕರಡು ಕೆಲಸ ಅರ್ಧಕ್ಕರ್ಧ ಕೈತಪ್ಪಿತ್ತು. ಆದರೂ ಅವಳು ಎಲ್ಲರಿಗೂ ಒಂದೇ ಮಾತು ಹೇಳುತ್ತ ಬಂದಿದ್ದಳು: ಅವರ ಮುಖ ಓದೋಕೆ ನನಗೆ ಬರುತ್ತೆ. ಅಲ್ಲಿ ಯಾರಿಗೆ ಬರುತ್ತೆ?

ಅವಳ ಮಟ್ಟಿಗೆ ಅದು ಋಣ. ಅವನು ಅವಳ ಮುಖ ಓದಿಕೊಂಡೇ ಸಂಸಾರ ಮಾಡಿದವನು. ಈಗ ಅವನ ಮುಖ ಓದುವ ಸರದಿ ತನ್ನದು. ಇವತ್ತೂ ಅದನ್ನೇ ಹೇಳುವವಳಿದ್ದಳು.

ಸೊಸೆಯನ್ನು ತೆರೆದಳು. ನೆಟ್ ಇಲ್ಲ ಎಂದಿತು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ದೀಪಗಳೆಲ್ಲ ಹಸಿರು. ಅದನ್ನು ಆರಿಸಿ ಹಚ್ಚಿದಳು. ಮತ್ತೂ ಇಲ್ಲ. ಇಂಟರ್‌ನೆಟ್ ಕಂಪನಿಯ ಸಹಾಯದ ನಂಬರಿಗೆ ಫೋನು ಮಾಡಿ, ಒಂದೇ ರಾಗವನ್ನು ಬಹಳ ಹೊತ್ತು ಕೇಳಿಸಿಕೊಂಡ ಮೇಲೆ ಒಬ್ಬ ಹೆಂಗಸು ಸಿಕ್ಕಳು. ನೆಗಡಿಯಾದ ದನಿ, ಹಿಂದೆ ಇನ್ನೂ ಹತ್ತಾರು ಜನ ಹತ್ತಾರು ಮನೆಗಳ ಜೊತೆ ಮಾತಾಡುತ್ತಿದ್ದ ಗದ್ದಲ.

ಅವಳು ವಿಷಯ ಹೇಳಿದಳು. ದೊಡ್ಡ ಕಂಪ್ಯೂಟರ್ ಸುಟ್ಟುಹೋಗಿದೆ, ಅದಿಲ್ಲದೆ ಚಿಕ್ಕದಕ್ಕೆ ನೆಟ್ ಬರುವುದಿಲ್ಲ, ನಮ್ಮ ಲೈನ್ ಹಾಗಿದೆ. ಆ ಕಡೆಯವಳು ಮೂಗೆಳೆದುಕೊಂಡು, ಹಾಗೆಲ್ಲ ಲೈನ್ ಇರೋದಿಲ್ಲ ಮೇಡಂ, ಎಂದಳು. ಇಲ್ಲ, ನಮ್ಮನೇಲಿ ಮೊದಲಿನಿಂದಲೂ ಹಾಗೇ, ಎಂದಳು ಇವಳು. ಹಾಗೆನ್ನುವಾಗ ಮಗಳು ಒಮ್ಮೆ ಕೇಳಿದ್ದು ನೆನಪಾಯಿತು. ರಜೆಗೆ ಬಂದವಳು, ಅತ್ತೆ ಮಲಗಿದ್ದರೂ ನನ್ನ ಫೋನಿಗೆ ನೆಟ್ ಬರ್ತಿದೆಯಲ್ಲಪ್ಪ, ಅಂದಿದ್ದಳು. ಫೋನು ಹಗುರ, ಗಾಳಿಯಲ್ಲಿ ಹೋಗುತ್ತೆ, ಕಂಪ್ಯೂಟರ್ ಭಾರ ಅಂದಿದ್ದ ಅವನು. ಕಚೇರಿಯಲ್ಲಿ ನೂರು ಯಂತ್ರಗಳನ್ನು ಸಾಕುವವನು ಹೇಳಿದ ಮೇಲೆ ಇನ್ನೇನು? ತಾಯಿ ಮಗಳು ಇಬ್ಬರೂ ನಂಬಿದ್ದರು.

ಹೆಂಗಸು ಒಂದೊಂದೇ ಹೇಳುತ್ತ ಹೋದಳು. ಮೂಲೆಯ ಚಿತ್ರದ ಮೇಲೆ ಒತ್ತಿ. ಸೆಟ್ಟಿಂಗ್ಸ್‌ಗೆ ಹೋಗಿ. ನೆಟ್‌ವರ್ಕ್ ಅಂತ ಇರುವುದನ್ನು ತೆಗೆಯಿರಿ. ಅವಳು ಅಲ್ಲಿಯವರೆಗೆ ಆ ಬಾಗಿಲನ್ನು ತೆಗೆದವಳೇ ಅಲ್ಲ. ಅದರೊಳಗೆ ಕೈಹಾಕಿದರೆ ಮನೆಯ ನೆಟ್ಟೇ ಹೋಗುತ್ತೆ ಎಂದು ಅವನು ಹೇಳಿದ್ದ. ಈಗ ಹೋಗಲು ಉಳಿದದ್ದೇನೂ ಇರಲಿಲ್ಲ. ಕರಡು ಓದುವ ರೂಢಿಯಂತೆ ಕಂಡದ್ದನ್ನೆಲ್ಲ ಒಂದಕ್ಷರ ಬಿಡದೆ ಓದಿ ಹೇಳಿದಳು. ಕೆಳಗಡೆ ಪ್ರಾಕ್ಸಿ ಅಂತ ಇದೆ, ಎಂದಳು. ಆ ಪದ ಅವಳಿಗೆ ಕಾಲೇಜಿನಿಂದ ಗೊತ್ತಿತ್ತು. ಬಾರದ ಗೆಳತಿಯ ಹಾಜರಿ ಕೂಗಿದಾಗ ಹಿಂದಿನ ಬೆಂಚಿನಿಂದ ದನಿ ಬದಲಿಸಿ ‘ಎಸ್ ಮೇಡಂ’ ಅಂದದ್ದುಂಟು.

ಆ ಕಡೆಯವಳು ಕೇಳಿದಳು.

“ಅದು ಆನ್ ಇದೆಯಾ ಮೇಡಂ?”

“ಇದೆ.”

“ಅದರ ಪಕ್ಕದಲ್ಲಿ ಏನು ಬರೆದಿದೆ? ಅಕ್ಷರ ಅಕ್ಷರ ಹೇಳಿ.”

“ಎ. ಟಿ. ಇನ್ನೊಂದು ಟಿ. ಇ.”

“ಅಟ್ಟೆ?”

ಅವಳು ಅದನ್ನು ತನ್ನೊಳಗೆ ಇನ್ನೊಮ್ಮೆ ಓದಿಕೊಂಡಳು. “ಅತ್ತೆ,” ಎಂದಳು.

ಆ ಕಡೆ ನಗು ಬಂತು, ಜೊತೆಗೇ ಕೆಮ್ಮು. “ಓ ಸರಿ. ಆ ಸುಟ್ಟುಹೋದ ಕಂಪ್ಯೂಟರ್ ಹೆಸರು ಅತ್ತೆ ಅಂತಾನಾ? ಹಂಗಾದ್ರೆ ಲೈನ್ ತಪ್ಪೇನಿಲ್ಲ ಮೇಡಂ. ನಿಮ್ಮ ಕಂಪ್ಯೂಟರಿಗೆ ಯಾರೋ ಹೇಳಿಟ್ಟಿದ್ದಾರೆ, ಹೊರಗೆ ಎಲ್ಲಿಗೆ ಹೋಗಬೇಕಾದ್ರೂ ಅತ್ತೆ ಹತ್ರ ಹೇಳಿಯೇ ಹೋಗು ಅಂತ. ಈಗ ಅತ್ತೆ ಇಲ್ಲ, ಅದು ಬಾಗಿಲಲ್ಲೇ ನಿಂತಿದೆ ಪಾಪ. ಅದನ್ನ ಆಫ್ ಮಾಡಿ, ಕೆಳಗೆ ಸೇವ್ ಒತ್ತಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಬಿಡಿ.”

ಅವಳು ಆಫ್ ಮಾಡಿ ಸೇವ್ ಒತ್ತಿದಳು. ರೆಪ್ಪೆ ಬಡಿಯುವಷ್ಟರಲ್ಲಿ ನೆಟ್ ಬಂತು. ಇಷ್ಟು ವರ್ಷ ಬಂದದ್ದಕ್ಕಿಂತ ಚುರುಕಾಗಿ ಬಂತು.

ಇಷ್ಟೇನಾ, ಎಂದು ಕೇಳಿದಳು. ಇಷ್ಟೇ ಎಂದಳು ಆಕೆ. ಇದನ್ನು ಯಾಕೆ ಹೀಗೆ ಇಡುತ್ತಾರೆ ಎಂದು ಕೇಳಿದಳು. ಪ್ರಶ್ನೆ ಕೇಳಿದ್ದು ಬಾಯಿ. ಉತ್ತರ ಹೊಟ್ಟೆಗೆ ಆಗಲೇ ಗೊತ್ತಾದಂತಿತ್ತು.

“ಮಕ್ಕಳಿರೋ ಮನೇಲಿ ಮಾಡ್ತಾರೆ ಮೇಡಂ. ಮಕ್ಕಳು ಎಲ್ಲಿಗೆ ಹೋಗ್ತಾರೆ, ಏನು ನೋಡ್ತಾರೆ ಅಂತ ತಿಳ್ಕೊಳ್ಳೋಕೆ. ಎಲ್ಲಾ ಆ ದೊಡ್ಡದನ್ನ ದಾಟಿಯೇ ಹೋಗಬೇಕಲ್ಲ.”

“ಬರೆದದ್ದು ಕೂಡ ಕಾಣುತ್ತಾ? ಮೇಲ್‌ನಲ್ಲಿ?”

“ಈಗ ಅಷ್ಟು ಸುಲಭ ಇಲ್ಲ. ಮೊದಮೊದಲಿನದಾದ್ರೆ ಪೋಸ್ಟ್ ಕಾರ್ಡ್ ಇದ್ದ ಹಾಗೆ. ದಾರೀಲಿ ಕೂತವರು ಓದಬೇಕು ಅಂದ್ಕೊಂಡ್ರೆ ಓದಬಹುದಿತ್ತು. ಮಕ್ಕಳಿದ್ದಾರಾ ಮನೇಲಿ?”

“ಇದ್ದರು,” ಎಂದಳು ಅವಳು. ಬೇರೇನಾದರೂ ಸಹಾಯ ಬೇಕೇ ಎಂದು ಆಕೆ ಕೇಳಿದಳು. ಬೇಡ, ನೆಗಡಿಗೆ ಬಿಸಿನೀರು ಕುಡೀರಿ, ಎಂದು ಹೇಳಿ ಫೋನಿಟ್ಟಳು.

ನಡುಮನೆಯ ಕುರ್ಚಿಯಲ್ಲಿ ಹಾಗೇ ಕೂತಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಯಾವುದೋ ಪುಟದಲ್ಲಿ ಮೊದಲೇ ನೋಡಿದ್ದ ತಪ್ಪನ್ನು ಬಿಟ್ಟುಬಿಟ್ಟೆನೆಂದು ಪುಸ್ತಕ ಅಚ್ಚಾದ ಮೇಲೆ ಗೊತ್ತಾದಾಗ ಆಗುವಂಥ ಚಳಿ ಬೆನ್ನಿನಲ್ಲಿ ಇಳಿಯಿತು. ಆ ಪುಟ ಯಾವುದೆಂದು ಅವಳು ಹುಡುಕಬೇಕಾಗಲಿಲ್ಲ.

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ತಂಗಿ ಬೆಟ್ಟದ ಮೇಲಿನ ಒಂದು ಊರಲ್ಲಿ ಒಂಟಿಯಾಗಿದ್ದು ಪಾಠ ಹೇಳುತ್ತಿದ್ದಳು. ಅಲ್ಲಿನ ಮುದ್ರಣಾಲಯವೊಂದಕ್ಕೆ ಕರಡು ತಿದ್ದುವವರು ಬೇಕಾಗಿದ್ದಾರೆ, ಮೇಲಿನ ಕೋಣೆ ಖಾಲಿಯಿದೆ, ಮಗಳನ್ನೂ ಕರಕೊಂಡು ಬಾ ಅಕ್ಕ, ಸ್ವಲ್ಪ ದಿನ ಇದ್ದು ನೋಡು ಎಂದು ಮೇಲ್‌ನಲ್ಲಿ ಬರೆದಿದ್ದಳು. ಅದಕ್ಕೆ ಕಾರಣವಿತ್ತು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವನ ಜೊತೆ ಇದ್ದರೆ ಉಸಿರು ಅರ್ಧಕ್ಕೇ ನಿಲ್ಲುತ್ತದೆ ಎಂದಷ್ಟೇ ಅವಳು ತಂಗಿಗೆ ಬರೆದಿದ್ದದ್ದು. ಅಷ್ಟನ್ನು ಬರೆಯಲೂ ಎಷ್ಟೋ ದಿನ ಹಿಡಿದಿತ್ತು. ಅಕ್ಕತಂಗಿಯರ ನಡುವೆ ಎಲ್ಲ ಗೊತ್ತಾಗಿತ್ತು. ಬೇರೆ ಒಂದು ನರಪಿಳ್ಳೆಗೂ ತಿಳಿದಿರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತವನು ಅನ್ನ ಕಲಸುತ್ತ, ತಲೆಯೆತ್ತದೆ ಹೇಳಿದ.

“ತಂಗಿ ಊರಲ್ಲಿ ಚಳಿ ಜಾಸ್ತಿ. ಸ್ವೆಟರ್ ಇಟ್ಕೊಂಡೆಯಾ?”

ಅವಳ ಕೈಯಿಂದ ಸೌಟು ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಏನೂ ಕೇಳದ ಅವನಿಗೆ ಎಲ್ಲವನ್ನೂ ಅವಳೇ ಒಪ್ಪಿಸಿದಳು. ಹೇಗೆ ಗೊತ್ತಾಯಿತು ಎಂದು ಕೊನೆಗೆ ಕೇಳಿದ್ದಕ್ಕೆ ಅವನು ನಕ್ಕ. ಕೆಟ್ಟ ನಗುವಲ್ಲ, ಪ್ರೀತಿಯದೇ ಅನ್ನಬೇಕು.

“ನಿನ್ನ ಮುಖ ಸಾಕು ಕಣೆ. ಕನ್ನಡಿ ಇದ್ದ ಹಾಗೆ. ಒಳಗೆ ಏನು ಓಡ್ತಿದ್ರೂ ಕಾಣುತ್ತೆ. ನನ್ನ ಹತ್ರ ಏನನ್ನಾದರೂ ಮುಚ್ಚಿಡ್ತೀನಿ ಅನ್ಕೋಬೇಡ, ನಿನಗೆ ಬರಲ್ಲ.”

ಅವಳು ಹೋಗಲಿಲ್ಲ. ತಂಗಿಗೆ ಬರೆಯುವುದನ್ನೂ ನಿಲ್ಲಿಸಿದಳು. ನನ್ನ ಮುಖ ನನ್ನ ಮಾತು ಕೇಳಲ್ಲ ಕಣೇ ಎಂದು ಫೋನಿನಲ್ಲಿ ಅಂದಾಗ, ಮುಖಾನ ಅವರ ಹತ್ರ ಒತ್ತೆ ಇಟ್ಟಿದ್ದೀಯಾ ಅಕ್ಕ, ಬಿಡಿಸ್ಕೊಂಡು ಬಾ, ಎಂದು ತಂಗಿ ಬೈದಿದ್ದಳು. ಬಿಡಿಸಿಕೊಳ್ಳುವ ದಾರಿಯೊಂದನ್ನು ಅವಳು ತನ್ನಷ್ಟಕ್ಕೆ ಕಂಡುಕೊಂಡಳು. ಬಚ್ಚಲ ಕನ್ನಡಿಯ ಮುಂದೆ ನಿಂತು, ಎದೆಯಲ್ಲಿ ಎಷ್ಟು ಹೊಯ್ದಾಡಿದರೂ ಹುಬ್ಬು, ತುಟಿ, ಕೆನ್ನೆ ಕದಲದಂತೆ ಹಿಡಿಯುವುದನ್ನು ಕಲಿತಳು. ಸುಲಭವಾಗಿ ಬರಲಿಲ್ಲ. ಬಂದ ಮೇಲೆ ಹೋಗಲಿಲ್ಲ. ಸಂತೋಷಕ್ಕೂ ಅದೇ ಮುಖ, ಸಾವಿಗೂ ಅದೇ ಮುಖ. ಮಗಳು ಚಿಕ್ಕವಳಿದ್ದಾಗ, ಅಮ್ಮನ ಮುಖ ಗೋಡೆ, ಚೆಂಡು ಹೊಡೆದರೆ ವಾಪಸ್ಸು ಬರುತ್ತೆ, ಎಂದು ನಗುತ್ತಿದ್ದಳು. ದೊಡ್ಡವಳಾಗಿ, ಬಸಿರು ಇಳಿದುಹೋಗಿ ಅಮ್ಮನ ಮಡಿಲು ಹುಡುಕಿಕೊಂಡು ಬಂದಾಗ ನಗಲಿಲ್ಲ. ಬಾಗಿಲಲ್ಲಿ ನಿಂತು ಅಮ್ಮನ ಮುಖವನ್ನು ನೋಡಿದಳು. ಅಮ್ಮನೊಳಗೆ ಮನೆಯೇ ಕುಸಿದು ಬಿದ್ದಿತ್ತು. ಮುಖ ಮಾತ್ರ ನಿಂತಿತ್ತು. ನಿನಗೆ ಏನೂ ಅನ್ನಿಸಲ್ಲ ಅಲ್ವಾ ಅಮ್ಮ, ಎಂದು ಕೇಳಿ ಮಗಳು ಸಂಜೆಯ ಬಸ್ಸಿಗೇ ಹೊರಟುಹೋದಳು. ಆಮೇಲೆ ಬರುತ್ತಾಳೆ, ಹೋಗುತ್ತಾಳೆ. ಅಪ್ಪನನ್ನು ನೋಡಲು.

ಸ್ವೆಟರ್. ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ‘ಇಲ್ಲಿ ಚಳಿ ಜಾಸ್ತಿ, ಸ್ವೆಟರ್ ಇಟ್ಕೊಂಡು ಬಾ’ ಎಂದು ಬರೆದದ್ದು ತಂಗಿ. ಅದು ತಂಗಿಯ ಮಾತು, ತಂಗಿಯದೇ ಪದಗಳು. ಒಂದು ಸಾಲು ಎರಡು ಪುಟಗಳಲ್ಲಿ ಮರುಕಳಿಸಿದರೆ ಗಕ್ಕನೆ ಹಿಡಿಯುವ ಕಣ್ಣು ತನ್ನದು. ಹೆದರಿಕೆ, ಆಸೆ, ಕಳ್ಳತನ ಮುಖದಲ್ಲಿ ಮೂಡಬಹುದು, ಆದರೆ ಬೆಟ್ಟದ ಚಳಿ ಯಾವ ಮುಖದಲ್ಲಿ ಮೂಡೀತು? ಆಗ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದೇ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಈಗ ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಒಬ್ಬ ಮನುಷ್ಯ ತನ್ನ ಮುಖವನ್ನು ಅಷ್ಟು ಗಮನ ಕೊಟ್ಟು ನೋಡುತ್ತಾನೆ ಅನ್ನುವುದರಲ್ಲಿ ಅವಳಿಗೊಂದು ಸಮಾಧಾನವಿತ್ತು. ಭಯದ ತಳದಲ್ಲಿ ಕೂತ ಸಕ್ಕರೆಯಂಥದು. ಗಂಡಸರು ಹೆಂಡತಿಯ ಮುಖವನ್ನೇ ನೋಡುವುದಿಲ್ಲ ಎಂದು ಪಕ್ಕದ ಮನೆಯವರು ಗೊಣಗುವಾಗ, ನನ್ನವರು ಓದುತ್ತಾರೆ ಎಂದು ಒಳಗೊಳಗೇ ಅಂದುಕೊಂಡಿದ್ದಳು.

ಅವನು ಓದಿದ್ದು ಮುಖವನ್ನಲ್ಲ. ಅತ್ತೆ ಸೊಸೆಯ ಆ ತಮಾಷೆಯಲ್ಲೇ ಎಲ್ಲವನ್ನೂ ಹೇಳಿದ್ದ, ಅದೂ ಬಂದವರೆಲ್ಲರ ಎದುರಿಗೆ. ಎಲ್ಲರೂ ನಕ್ಕಿದ್ದರು.

ಲ್ಯಾಪ್‌ಟಾಪು ಕಿಣಿಕಿಣಿ ಅಂದಿತು. ಡಾಕ್ಟರಮ್ಮ.

ಅದನ್ನೆತ್ತಿಕೊಂಡು ಹೋಗಿ ಮಂಚಕ್ಕೆ ಅಡ್ಡಲಾಗಿದ್ದ ಊಟದ ಹಲಗೆಯ ಮೇಲಿಟ್ಟಳು. ಗಂಡನ ಬೆನ್ನಿಗೆ ದಿಂಬು ಕೊಟ್ಟು, ತಲೆ ನೇರ ಮಾಡಿ, ಬಾಯೊರೆಸಿದಳು. ಕೈಗಳು ತಮ್ಮ ಕೆಲಸವನ್ನು ತಾವೇ ಮಾಡಿಕೊಂಡವು. ತೆರೆಯ ಮೇಲೆ ಡಾಕ್ಟರಮ್ಮನ ದುಂಡು ಮುಖ. ಮೂಲೆಯ ಪುಟ್ಟ ಚೌಕದಲ್ಲಿ ಅವಳು ಮತ್ತು ಅವನು. ಅವನ ಮುಖ ಅರ್ಧ ಸತ್ತಿತ್ತು. ತನ್ನದನ್ನು ನೋಡಿಕೊಂಡಳು. ಯಾವ ಅರ್ಧ ಬದುಕಿದೆ ಎಂದು ಹೇಳುವುದು ಕಷ್ಟವಾಗಿತ್ತು.

ಡಾಕ್ಟರಮ್ಮ ಕುಶಲ ಕೇಳಿ, ಇವತ್ತು ಚಿತ್ರದ ಹಲಗೆ ಶುರುಮಾಡೋಣ ಎಂದರು. ಹೋದ ವಾರ ಅಂಚೆಯಲ್ಲಿ ಕಳಿಸಿದ್ದ ರಟ್ಟಿನ ಹಲಗೆ ಅದು: ನೀರಿನ ಲೋಟ, ಹೊದಿಕೆ, ದಿಂಬು, ನೋಯುವ ಕೈ, ಕಿಟಕಿ, ಫ್ಯಾನು. ಒಂದೊಂದರ ಮೇಲೂ ಬೆರಳಿಡುತ್ತ ಹೋಗಬೇಕು, ತನಗೆ ಬೇಕಾದದ್ದು ಬಂದಾಗ ಅವನು ಕಣ್ಣನ್ನು ಗಟ್ಟಿಯಾಗಿ ಮುಚ್ಚಬೇಕು. ಅವನಿಗೆ ವಿವರಿಸಿ ಹೇಳಿದ ಮೇಲೆ ಡಾಕ್ಟರಮ್ಮ ಅವಳ ಕಡೆ ತಿರುಗಿದರು.

“ಮೊದಲು ನೀವು ಹೇಳಿ. ಈಗ ಅವರಿಗೆ ಏನು ಬೇಕಾಗಿದೆ? ಆಮೇಲೆ ಅವರನ್ನ ಕೇಳೋಣ.”

ಅವಳು ಗಂಡನ ಮುಖ ನೋಡಿದಳು. ಕಣ್ಣು ಸ್ವಲ್ಪ ಕಿರಿದಾಗಿತ್ತು, ಎಡ ಹುಬ್ಬು ಮೇಲೆದ್ದಿತ್ತು. ಇದು ಅವಳಿಗೆ ಅಂಗೈ ನೆಲ್ಲಿಕಾಯಿ. ಚಳಿ, ಎಂದಳು. ಹೊದಿಕೆ ಬೇಕು. ಈ ಹುಬ್ಬು ಎದ್ದಾಗಲೆಲ್ಲ ಚಳಿಯೇ.

ಬೆರಳು ಲೋಟದ ಮೇಲಿಟ್ಟಳು, ಅವನು ಸುಮ್ಮನಿದ್ದ. ಹೊದಿಕೆಯ ಮೇಲಿಟ್ಟಳು; ಸುಮ್ಮನಿದ್ದ. ಬೆರಳನ್ನು ಅಲ್ಲೇ ತುಸು ಹೆಚ್ಚು ಹೊತ್ತು ನಿಲ್ಲಿಸಿದಳು. ಮುಂದಕ್ಕೆ ಹೋಗಿ, ಎಂದರು ಡಾಕ್ಟರಮ್ಮ. ದಿಂಬು. ಕೈ. ಕಿಟಕಿಗೆ ಬಂದಾಗ ಅವನು ಕಣ್ಣು ಮುಚ್ಚಿದ. ಕಣ್ಣಿನ ಸುತ್ತ ಸುಕ್ಕು ಏಳುವಷ್ಟು ಗಟ್ಟಿಯಾಗಿ ಮುಚ್ಚಿದ. ಅಕಸ್ಮಾತ್ ಇರಬಹುದೆಂದು ಡಾಕ್ಟರಮ್ಮ ಇನ್ನೊಮ್ಮೆ ಮಾಡಿಸಿದರು. ಕಿಟಕಿ. ಮತ್ತೊಮ್ಮೆ. ಕಿಟಕಿ. ಮುಚ್ಚಿದ ರೆಪ್ಪೆಯ ಕೆಳಗಿಂದ ಈ ಸಲ ನೀರು ಇಳಿಯಿತು.

“ಕಿಟಕಿ ತೆಗೀಬೇಕಂತೆ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ಯಾವಾಗಲೂ ಮುಚ್ಚಿರ್ತೀರಾ?”

ಆ ಕಿಟಕಿಯನ್ನು ಮುಚ್ಚಿದವಳು ಅವಳೇ. ಆಸ್ಪತ್ರೆಯಿಂದ ತಂದು ಮಲಗಿಸಿದ ದಿನ ಈ ಹುಬ್ಬು ಎದ್ದಿತ್ತು; ಚಳಿಯೆಂದು ಓದಿಕೊಂಡು ಚಿಲಕ ಹಾಕಿದ್ದಳು. ಆಮೇಲೆ ಹುಬ್ಬು ಎದ್ದಾಗಲೆಲ್ಲ ಎದ್ದು ಹೋಗಿ ಚಿಲಕ ಬಿಗಿಯಾಗಿದೆಯೇ ಎಂದು ನೋಡಿ, ಇನ್ನೊಂದು ಹೊದಿಕೆ ಹೊದಿಸಿದ್ದಳು. ಬಂದವರಿಗೆಲ್ಲ ಹೇಳಿದ್ದಳು, ಅವರಿಗೆ ಚಳಿ ತಡೆಯೋಲ್ಲ, ನನಗೆ ಮುಖ ನೋಡಿದರೆ ಗೊತ್ತಾಗುತ್ತೆ. ಆ ಮಾತು ಯಾರದು ಎಂದು ಈಗ ಹೊಳೆಯಿತು.

ಡಾಕ್ಟರಮ್ಮ ಅವಳನ್ನು ನೋಯಿಸಲು ಹೇಳಲಿಲ್ಲ. ನೋಯಿಸಬಾರದೆಂದೇ ಹೇಳಿದರು.

“ಬೇಜಾರು ಮಾಡ್ಕೋಬೇಡಿ. ಎಲ್ಲರ ಮನೇಲೂ ಹೀಗೇ. ಮುಖ ಯಾರಿಗೂ ಓದೋಕೆ ಬರಲ್ಲಮ್ಮ. ನಮಗೆ ತಿಳಿದದ್ದನ್ನ ಅವರ ಮುಖದ ಮೇಲೆ ಬರೀತೀವಿ ಅಷ್ಟೆ. ಕೇಳಬೇಕು. ಕೇಂದ್ರದಲ್ಲಿರೋ ಹುಡುಗಿಯರು ದಿನವಿಡೀ ಇದನ್ನೇ ಮಾಡ್ತಾರೆ, ಕೇಳ್ತಾರೆ. ಅದಕ್ಕೇ ನಾನು ಅಲ್ಲಿಗೆ ಅಂದದ್ದು. ಏನು ಯೋಚನೆ ಮಾಡಿದ್ರಿ?” ಎಂದರು.

ಅವಳು ನಾಲಿಗೆಯ ತುದಿಯಲ್ಲಿ ಸಿದ್ಧವಿಟ್ಟುಕೊಂಡಿದ್ದ ಮಾತನ್ನು ಹುಡುಕಿದಳು. ಅದು ಇರಲಿಲ್ಲ.

“ನಾಳೆ ಹೇಳ್ತೀನಿ,” ಎಂದಳು.

ನಾಳೆ ಬೆಳಿಗ್ಗೆಯೇ ಹೇಳಬೇಕು, ಮಂಚಕ್ಕೆ ಬೇರೆಯವರು ಕಾಯುತ್ತಿದ್ದಾರೆ ಎಂದು ಡಾಕ್ಟರಮ್ಮ ಹೇಳಿ ಮರೆಯಾದರು.

ಅವಳು ಹೋಗಿ ಕಿಟಕಿಯ ಚಿಲಕ ತೆಗೆದಳು. ತುಕ್ಕು ಹಿಡಿದು ಬಿಗಿದಿತ್ತು. ಸೌಟಿನ ಹಿಡಿಯಿಂದ ಬಡಿಯಬೇಕಾಯಿತು. ಬೀದಿಯ ಸದ್ದು ಒಳಗೆ ನುಗ್ಗಿತು. ಯಾರೋ ಅಂಗಡಿಯ ಬಾಗಿಲನ್ನು ಮೇಲಕ್ಕೆ ಸರಿಸಿದರು, ಎರಡು ಮಕ್ಕಳು ಒಂದು ಸೈಕಲ್ಲಿಗಾಗಿ ಜಗಳವಾಡುತ್ತಿದ್ದರು. ಎದುರುಮನೆಯ ಅಜ್ಜಿ ಬಟ್ಟೆ ಒದರುತ್ತ ಯಾರನ್ನೋ ಸೋಮಾರಿ ಎಂದು ಬೈಯುತ್ತಿದ್ದರು. ಗಂಡನ ಮೂಗಿನ ಹೊಳ್ಳೆ ಅರಳಿತು. ಅದನ್ನು ಅವಳು ನೋಡಿದಳು, ಏನೆಂದೂ ಓದಲಿಲ್ಲ.

ಗಂಜಿ ಆರಿ ಗಟ್ಟಿಯಾಗಿತ್ತು. ಒಳಗೆ ಹೋಗಿ ಬಿಸಿನೀರು ಬೆರೆಸಿ ಕದಡಿದಳು. ನಡುಮನೆ ದಾಟುವಾಗ ಮೇಜಿನ ಮೇಲೆ ಹೊಸ ಪುಟಗಳು ಬಂದಿರುವ ಸುದ್ದಿಯೊಡನೆ ತೆರೆ ಬೆಳಗಬೇಕಾಗಿದ್ದ ಜಾಗ ಖಾಲಿಯಿತ್ತು. ಸೊಸೆ ಇನ್ನೂ ಮಂಚದ ಹಲಗೆಯ ಮೇಲೆಯೇ ಇತ್ತು. ಈಗ ತಂಗಿಗೆ ಒಂದು ಸಾಲು ಬರೆದರೆ ಅದು ನೆಟ್ಟಗೆ ತಂಗಿಯನ್ನೇ ಮುಟ್ಟುತ್ತಿತ್ತು. ದಾರಿಯಲ್ಲಿ ಕೂತವರು ಯಾರೂ ಇಲ್ಲ. ಬರೆಯಬೇಕೆನ್ನಿಸಲಿಲ್ಲ. ಇಷ್ಟು ವರ್ಷಗಳಲ್ಲಿ ಯಾರ ಕಣ್ಣಿಗೂ ಬೀಳದೆ ತನ್ನದೇ ಆಗಿ ಉಳಿದದ್ದು ಒಂದೂ ಇರಲಿಲ್ಲ. ಈ ಗುಟ್ಟೊಂದು ಸ್ವಲ್ಪ ಹೊತ್ತು ಇರಲಿ ಎಂದುಕೊಂಡಳು.

ಮಂಚದ ಪಕ್ಕ ಸ್ಟೂಲೆಳೆದು ಕೂತಳು. ಲ್ಯಾಪ್‌ಟಾಪನ್ನು ಮಡಚಿ ಕೆಳಗಿಟ್ಟಳು. ಕಿಟಕಿಯ ಕಡೆಯಿಂದ ಗಂಡನ ಕಣ್ಣು ಅವಳ ಕಡೆ ತಿರುಗಿತು. ಎಂದಿನಂತೆ ನಿಧಾನವಾಗಿ, ಹಣೆಯಿಂದ ಗಲ್ಲದವರೆಗೆ ನೋಡಿತು. ಅವಳ ಕೆನ್ನೆ ರೂಢಿಯಂತೆ ಬಿಗಿಯಹೊರಟಿತು. ಅವಳು ಬಿಗಿಯಲು ಬಿಡಲಿಲ್ಲ. ಮುಖವನ್ನು ಹಿಡಿದಿದ್ದ ಕೈಯನ್ನು ಒಳಗಿನಿಂದ ತೆಗೆದುಬಿಟ್ಟಳು. ಎಲ್ಲೆಲ್ಲಿ ಏನೇನು ಕದಲಿತೋ, ತುಟಿ ನಡುಗಿತೋ, ಕಣ್ಣು ತುಂಬಿತೋ, ಅವಳೇ ನೋಡಿಕೊಳ್ಳಲಿಲ್ಲ. ಮುಖವನ್ನು ಅವನಿಗೆ ಇನ್ನೂ ಹತ್ತಿರ ತಂದು, ಕರಡಿನ ಸಾಲು ಓದುವಂತೆ ಒಂದೊಂದೇ ಪದವನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಹೇಳಿಕೊಂಡಳು.

ನಾಳೆ ಬೆಳಿಗ್ಗೆ ಡಾಕ್ಟರಮ್ಮನಿಗೆ, ಕೇಂದ್ರಕ್ಕೆ ಕಳಿಸ್ತೀನಿ ಅಂತ ಹೇಳ್ತೀನಿ. ನಿಮ್ಮನ್ನು ಅಲ್ಲಿ ಕಿಟಕಿಯ ಪಕ್ಕ ಮಲಗಿಸೋಕೆ ಹೇಳ್ತೀನಿ. ಆಮೇಲೆ ಮೊದಲು ಮಗಳ ಮನೆ, ಅವಳ ಬಾಗಿಲಲ್ಲಿ ಹೀಗೇ ನಿಂತ್ಕೋತೀನಿ, ಈ ಮುಖದಲ್ಲಿ. ಅಲ್ಲಿಂದ ತಂಗಿಯ ಊರು. ಸ್ವೆಟರ್ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ, ಹುಳ ಹಿಡಿದಿರದಿದ್ದರೆ. ವಾಪಸ್ಸು ಬರ್ತೀನೋ ಇಲ್ಲವೋ ನನಗೆ ಗೊತ್ತಿಲ್ಲ.

ಎಲ್ಲವನ್ನೂ ಮುಖದ ಮೇಲೆ ಹರಡಿಟ್ಟು ಕಾದಳು.

ಅವನು ನೋಡಿದ. ಬಹಳ ಹೊತ್ತು ನೋಡಿದ. ಹುಬ್ಬು ಏಳಲಿಲ್ಲ. ಆಮೇಲೆ ಕಣ್ಣು ಬಟ್ಟಲಿನ ಕಡೆ ಇಳಿಯಿತು, ಬಾಯಿಯ ಎಡ ಮೂಲೆ ಚಮಚಕ್ಕಾಗಿ ತೆರೆದುಕೊಂಡಿತು.

ಅವಳು ಚಮಚ ತುಂಬಿ ಒಳಗಿಳಿಸಿದಳು. ನಾಲಿಗೆಯ ಮೇಲೆ ಒತ್ತಿದಳು. ಅವನು ಅವಳ ಗಂಟಲನ್ನೇ ನೋಡುತ್ತ ಕಾದ. ಅವಳ ಗಂಟಲು ಅಲುಗಲಿಲ್ಲ.

“ನುಂಗಿ,” ಎಂದಳು.